ಹತ್ತು ಅಡಿ ಕೋಣೆ, ಒಂದು ಪಿಎಸ್4, ಇಪ್ಪತ್ತೈದು ಸಾವಿರ: ಯಾವ ಟಿವಿ ತಗೊಳ್ಳಲಿ?

ಪ್ರಶ್ನೆ: ನಮ್ಮದು ಬಾಗಲಕೋಟೆಯ ನವನಗರ. ನನ್ನ ಮಲಗುವ ಕೋಣೆ ಹತ್ತು ಅಡಿಗೆ ಹನ್ನೊಂದು ಅಡಿ. ಸೆಕೆಂಡ್ ಹ್ಯಾಂಡ್ ಪಿಎಸ್4 (ಟಿವಿಗೆ ಜೋಡಿಸಿ ಗೇಮ್ ಆಡುವ ಪ್ಲೇಸ್ಟೇಷನ್ ಕನ್ಸೋಲ್) ತಗೊಂಡಿದ್ದೇನೆ, ಮುಂದೆ ಪಿಎಸ್5 ತಗೊಳ್ಳುವ ಆಸೆ. ಹಾಲ್‌ನ ಟಿವಿಯನ್ನು ಸಂಜೆ ಏಳರಿಂದ ಹತ್ತರವರೆಗೆ ಅವ್ವ ಬಿಟ್ಟುಕೊಡುವುದಿಲ್ಲ. ಅದಕ್ಕೆ ಕೋಣೆಗೇ ಒಂದು ಟಿವಿ ಬೇಕು. ಕೈಯಲ್ಲಿ 25,000 ರೂಪಾಯಿ ಇದೆ. ಅಪ್ಪ 32 ಇಂಚು ಸಾಕು ಅನ್ನುತ್ತಾರೆ. ಅಂಗಡಿಯವರು 43 ಇಂಚಿನ 4ಕೆ ತಗೊಳ್ಳಿ, ಗೇಮ್ ಆಡಲು ಅದೇ ಬೇಕು ಅನ್ನುತ್ತಾರೆ. ಯಾರ ಮಾತು ಕೇಳಲಿ?

ಉತ್ತರ: ಅಂಗಡಿಯವರು ಹೇಳಿದ ಅಳತೆ ಸರಿ. ಅವರು ಕೊಟ್ಟ ಕಾರಣ ತಪ್ಪು.

43 ಇಂಚು ತಗೊಳ್ಳಿ. ಆದರೆ 4ಕೆ ಇದೆ ಅಂತ ತಗೊಳ್ಳಬೇಡಿ. 4ಕೆ ಅಂದರೆ ಪರದೆಯಲ್ಲಿ ಫುಲ್ ಎಚ್‌ಡಿಗಿಂತ ನಾಲ್ಕು ಪಟ್ಟು ಚುಕ್ಕಿ, ಅಷ್ಟೇ. ನಿಮ್ಮ ಕೋಣೆಯಲ್ಲಿ ಮಂಚದ ಮೇಲೆ ಒರಗಿ ಕೂತರೆ 4ಕೆ ಯಾವುದು, ಫುಲ್ ಎಚ್‌ಡಿ ಯಾವುದು ಅಂತ ಗುರುತಿಸುವುದೇ ಕಷ್ಟ. ಅದಕ್ಕಿಂತ ದೊಡ್ಡ ವಿಷಯ ಒಂದಿದೆ. ಅದು ಕಣ್ಣಿಗಿಂತ ಮೊದಲು ಹೆಬ್ಬೆರಳಿಗೆ ಗೊತ್ತಾಗುತ್ತದೆ. ನೀವು ಗುಂಡಿ ಒತ್ತಿದ ಮೇಲೆ ಪರದೆ ಮೇಲೆ ಅದು ಕಾಣಲು ಟಿವಿ ಎಷ್ಟು ತಡ ಮಾಡುತ್ತದೆ ಅನ್ನುವುದು. ಇದಕ್ಕೆ ಇನ್‌ಪುಟ್ ಲ್ಯಾಗ್ ಅನ್ನುತ್ತಾರೆ. ಪೆಟ್ಟಿಗೆಯ ಮೇಲೆ ಇದನ್ನು ಬರೆದಿರುವುದಿಲ್ಲ, ಅಂಗಡಿಯಲ್ಲಿ ಕೇಳಿದರೂ ಸಾಮಾನ್ಯವಾಗಿ ಉತ್ತರ ಸಿಗುವುದಿಲ್ಲ.

ನಾನೇ ಇದರಲ್ಲಿ ಮೋಸ ಹೋಗಿದ್ದೇನೆ. ವಿಜಯಪುರದಲ್ಲಿ ಪಿಕ್ಚರ್ ಟ್ಯೂಬ್ ಕಾಲದಿಂದ ಟಿವಿ ರಿಪೇರಿ ಮಾಡಿಕೊಂಡು ಬಂದವನು ನಾನು. ಟಿವಿ ಬಗ್ಗೆ ನನಗೆ ಯಾರು ಹೇಳಿಕೊಡಬೇಕು ಅನ್ನೋ ಧಿಮಾಕು ಇತ್ತು. ಮಗನಿಗೆ ಕನ್ಸೋಲ್ ತಂದೆ, ಒಳ್ಳೆ ಬಣ್ಣ ಕಾಣುವ ಟಿವಿ ನೋಡಿ ತಂದೆ. ವಾರದೊಳಗೆ ದೂರು ಶುರುವಾಯಿತು. "ಅಪ್ಪಾ, ನಾ ಗುಂಡಿ ಒತ್ತಿದ ಮ್ಯಾಲೆ ಇಂವ ವಿಚಾರ ಮಾಡಿ ಜಿಗೀತಾನ." ಪ್ಯಾಡ್, ಅಂದರೆ ಕೈಯಲ್ಲಿ ಹಿಡಿದು ಆಡುವ ಗುಂಡಿಗಳ ಸಾಧನ, ಕೆಟ್ಟಿದೆ ಅಂದುಕೊಂಡೆ. ಬಿಚ್ಚಿದೆ, ಒರೆಸಿದೆ, ರಬ್ಬರ್ ಬದಲಿಸಿದೆ. ಊಹೂಂ. ಆಮೇಲೆ ಹೊಸ ಪ್ಯಾಡನ್ನೇ ತಂದೆ. ಅದೂ ಹಾಗೇ. ಒಂದು ದಿನ ಅಂಗಡಿಯಲ್ಲಿ ರಿಪೇರಿಗೆ ಬಂದಿದ್ದ ಹಳೇ ಕಂಪ್ಯೂಟರ್ ಮಾನಿಟರ್‌ಗೆ ಅದೇ ಕನ್ಸೋಲ್ ಜೋಡಿಸಿದರೆ ಎಲ್ಲ ಸಲೀಸು! ಮನೆಗೆ ಬಂದು ಟಿವಿಯ ಸೆಟ್ಟಿಂಗ್ಸ್ ಪೂರ್ತಿ ಜಾಲಾಡಿದೆ. ಪಿಕ್ಚರ್, ಅದರೊಳಗೆ ಅಡ್ವಾನ್ಸ್ಡ್, ಅದರೊಳಗೆ ಗೇಮ್ ಮೋಡ್. ಆಫ್ ಆಗಿತ್ತು. ಆನ್ ಮಾಡಿದೆ, ರೋಗ ಹೋಯಿತು. ಮಗ ನನ್ನ ಮುಖ ನೋಡಿದ್ದನ್ನು ಇಲ್ಲಿ ಬರೆಯುವುದಿಲ್ಲ.

ಆಗುವುದು ಇಷ್ಟು. ಕನ್ಸೋಲ್ ಕಳಿಸಿದ ಚಿತ್ರವನ್ನು ಟಿವಿ ಹಾಗೇ ತೋರಿಸುವುದಿಲ್ಲ. ಮೊದಲು ಕಾಳು ಕಾಳು ಕಾಣುವುದನ್ನು ತೆಗೆಯುತ್ತದೆ, ಅಂಚನ್ನು ಚೂಪು ಮಾಡುತ್ತದೆ, ಬಣ್ಣ ಏರಿಸುತ್ತದೆ. ಕೆಲವು ಟಿವಿಗಳು ಎರಡು ಚಿತ್ರದ ನಡುವೆ ತಾವೇ ಇನ್ನೊಂದು ಚಿತ್ರ ಹುಟ್ಟಿಸಿ ಸೇರಿಸುತ್ತವೆ, ಓಟ ನುಣುಪಾಗಿ ಕಾಣಲಿ ಅಂತ. ನಡುವಿನ ಚಿತ್ರ ಮಾಡಬೇಕಾದರೆ ಮುಂದಿನ ಚಿತ್ರ ಕೈಗೆ ಬರುವವರೆಗೆ ಕಾಯಬೇಕಲ್ವಾ? ಅಲ್ಲೇ ತಡ. ಅವ್ವನ ಧಾರಾವಾಹಿಗೆ ಇದರಿಂದ ಏನೂ ತೊಂದರೆ ಇಲ್ಲ. ಧ್ವನಿಯನ್ನೂ ಅಷ್ಟೇ ತಡ ಮಾಡಿ ಬಿಟ್ಟರೆ ತುಟಿಗೂ ಮಾತಿಗೂ ಹೊಂದಿಕೆಯಾಗುತ್ತದೆ, ನೋಡುವವರಿಗೆ ಗೊತ್ತೇ ಆಗುವುದಿಲ್ಲ. ಗೇಮ್‌ನಲ್ಲಿ ನಿಮ್ಮ ಬೆರಳು ಯಾರಿಗೂ ಕಾಯುವುದಿಲ್ಲ. ಗೇಮ್ ಮೋಡ್ ಅಂದರೆ ಈ ಅಲಂಕಾರವನ್ನೆಲ್ಲ ಬಿಟ್ಟು ಬಂದ ಚಿತ್ರವನ್ನು ಬಂದ ಹಾಗೇ ತೋರಿಸು ಅಂತ ಟಿವಿಗೆ ಹೇಳುವುದು.

ಅಲಂಕಾರ ಇದ್ದಾಗ 100 ಮಿಲಿಸೆಕೆಂಡ್ ಅಥವಾ ಅದಕ್ಕೂ ಜಾಸ್ತಿ ತಡ ಆಗುವುದು ಟಿವಿಗಳಲ್ಲಿ ಸಾಮಾನ್ಯ. ಒಳ್ಳೆ ಗೇಮ್ ಮೋಡ್ ಇದ್ದರೆ 10ರಿಂದ 20ಕ್ಕೆ ಇಳಿಯುತ್ತದೆ. ನೂರು ಮಿಲಿಸೆಕೆಂಡ್ ಅಂದರೆ ಸೆಕೆಂಡಿನ ಹತ್ತನೇ ಒಂದು ಭಾಗ, ಅದೇನು ಮಹಾ ಅನ್ನಬೇಡಿ. ನಮ್ಮೂರ ಗೋಲಗುಮ್ಮಟಕ್ಕೆ ನೀವು ಬಂದೇ ಇರುತ್ತೀರಿ. ಮೇಲಿನ ಪಿಸುಮಾತಿನ ಗ್ಯಾಲರಿಯಲ್ಲಿ ನಿಂತರೆ ಗುಮ್ಮಟದ ಒಳ ಅಗಲ ಹೆಚ್ಚುಕಡಿಮೆ 38 ಮೀಟರ್. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಅಂದರೆ ನೀವು ಈ ಕಡೆ ಚಪ್ಪಾಳೆ ತಟ್ಟಿದರೆ ನೇರ ಎದುರಿಗೆ ನಿಂತವರಿಗೆ ಅದು ಮುಟ್ಟಲು ಸುಮಾರು 110 ಮಿಲಿಸೆಕೆಂಡ್ ಬೇಕು. ಗೆಳೆಯನನ್ನು ಆ ಕಡೆ ನಿಲ್ಲಿಸಿ ತಟ್ಟಲು ಹೇಳಿ. ಅವನ ಕೈ ಕೂಡಿದ್ದು ಮೊದಲು ಕಾಣುತ್ತದೆ, ಸದ್ದು ಆಮೇಲೆ ಬರುತ್ತದೆ. ಗೇಮ್ ಮೋಡ್ ಇಲ್ಲದ ಟಿವಿಯಲ್ಲಿ ಆಡುವುದು ಅಂದರೆ ನೀವು ಗುಮ್ಮಟದ ಈ ಕಡೆ, ನಿಮ್ಮ ಬ್ಯಾಟ್ಸ್‌ಮನ್ ಆ ಕಡೆ. ಗೇಮ್‌ನಲ್ಲಿ ಸೆಕೆಂಡಿಗೆ 60 ಫ್ರೇಮ್, ಅಂದರೆ 60 ಚಿತ್ರ, ಓಡುತ್ತಿದ್ದರೆ ಒಂದು ಫ್ರೇಮ್‌ಗೆ 16.7 ಮಿಲಿಸೆಕೆಂಡ್. ನೂರು ಮಿಲಿಸೆಕೆಂಡ್‌ನಲ್ಲಿ ಆರು ಫ್ರೇಮ್ ಕಳೆದುಹೋಗಿರುತ್ತದೆ. ಕ್ರಿಕೆಟ್ ಗೇಮ್‌ನಲ್ಲಿ ಚೆಂಡು ಕೀಪರ್ ಕೈಗೆ ಹೋಗಲು ಅಷ್ಟು ಸಾಕು.

ಇಲ್ಲಿ ಒಂದು ಎಚ್ಚರಿಕೆ. ಲ್ಯಾಗ್ ಎಷ್ಟು ಅಂತ ಕೇಳಿದರೆ ಅಂಗಡಿಯಲ್ಲಿ ಪೆಟ್ಟಿಗೆ ತಿರುಗಿಸಿ "8 ಎಂಎಸ್ ಐತಿ ನೋಡ್ರಿ ಸರ್" ಅನ್ನಬಹುದು. ಎಂಎಸ್ ಅಂದರೆ ಮಿಲಿಸೆಕೆಂಡೇ, ಆದರೆ ಅದು ರೆಸ್ಪಾನ್ಸ್ ಟೈಮ್. ಪರದೆಯ ಒಂದು ಚುಕ್ಕಿ ಒಂದು ಬಣ್ಣದಿಂದ ಇನ್ನೊಂದು ಬಣ್ಣಕ್ಕೆ ತಿರುಗಲು ಬೇಕಾಗುವ ಹೊತ್ತು. ಅದು ಜಾಸ್ತಿ ಇದ್ದರೆ ಓಡುವ ಆಟಗಾರನ ಹಿಂದೆ ಮಸುಕು ಬಾಲ ಕಾಣುತ್ತದೆ. ಇನ್‌ಪುಟ್ ಲ್ಯಾಗೇ ಬೇರೆ.

ಹಾಗಾದರೆ ಗೊತ್ತುಮಾಡಿಕೊಳ್ಳುವುದು ಹೇಗೆ? ಪಿಎಸ್4 ಅನ್ನು ಚೀಲದಲ್ಲಿ ಹಾಕಿಕೊಂಡು ಅಂಗಡಿಗೆ ಹೋಗಿ. ನಾಚಿಕೆ ಬೇಡ. ಸೀರೆ ತಗೊಳ್ಳುವಾಗ ಅಂಗಡಿಯಿಂದ ಹೊರಗೆ ತಂದು ಬಿಸಿಲಲ್ಲಿ ಬಣ್ಣ ನೋಡುವ ಜನ ನಾವು. ಇಪ್ಪತ್ತೈದು ಸಾವಿರದ ಸಾಮಾನು, ಜೋಡಿಸಿ ನೋಡಲು ಬಿಡದಿದ್ದರೆ ಮುಂದಿನ ಅಂಗಡಿ ಇದ್ದೇ ಇದೆ. ವಾರದ ನಡುವೆ ಮಧ್ಯಾಹ್ನ ಹೋಗಿ, ಗಿರಾಕಿ ಕಡಿಮೆ ಇರುತ್ತಾರೆ, ಅವರಿಗೂ ತಾಳ್ಮೆ ಇರುತ್ತದೆ. ಕನ್ಸೋಲ್‌ನ ಮೆನು ತೆರೆದು ಬಲಕ್ಕೆ ಎಡಕ್ಕೆ ಟಕ ಟಕ ಒತ್ತಿ. ಗೇಮ್ ಮೋಡ್ ಆಫ್ ಮಾಡಿ ಒಮ್ಮೆ, ಆನ್ ಮಾಡಿ ಒಮ್ಮೆ. ಕೈಗೆ ವ್ಯತ್ಯಾಸ ಗೊತ್ತಾದರೆ ಆ ಟಿವಿಯ ಗೇಮ್ ಮೋಡ್ ನಿಜವಾಗಿ ಕೆಲಸ ಮಾಡುತ್ತಿದೆ ಅಂತ ಅರ್ಥ. ಕೆಲವು ಅಗ್ಗದ ಟಿವಿಗಳಲ್ಲಿ "ಗೇಮ್" ಅನ್ನುವುದು ಬರೀ ಬಣ್ಣ ಬದಲಿಸುವ ಒಂದು ಆಯ್ಕೆ ಅಷ್ಟೇ. ಬಣ್ಣ ಗಾಢವಾಗುತ್ತದೆ, ತಡ ಹಾಗೇ ಇರುತ್ತದೆ. ಅಂಥದ್ದು ಬೇಡವೇ ಬೇಡ.

ಕೈ ನಂಬದಿದ್ದರೆ ಮೊಬೈಲ್ ಇದೆ. ಸ್ಲೋ ಮೋಷನ್‌ನಲ್ಲಿ ಸೆಕೆಂಡಿಗೆ 240 ಫ್ರೇಮ್ ಹಿಡಿಯುವ ಮೊಬೈಲ್ ಇದ್ದರೆ ಸಾಕು. ಪ್ಯಾಡ್ ಹಿಡಿದ ಹೆಬ್ಬೆರಳು, ಹಿಂದೆ ಪರದೆ, ಎರಡೂ ಒಂದೇ ಚೌಕಟ್ಟಿನಲ್ಲಿ ಬರುವಂತೆ ಗೆಳೆಯನಿಗೆ ವಿಡಿಯೊ ಮಾಡಲು ಹೇಳಿ. ಆಮೇಲೆ ಒಂದೊಂದೇ ಫ್ರೇಮ್ ಸರಿಸುತ್ತ ಎಣಿಸಿ. ಬೆರಳು ಗುಂಡಿಯನ್ನು ಪೂರ್ತಿ ಒತ್ತಿದ ಫ್ರೇಮ್‌ನಿಂದ ಪರದೆ ಬದಲಾದ ಫ್ರೇಮ್‌ವರೆಗೆ. ಒಂದು ಫ್ರೇಮ್‌ಗೆ ಸುಮಾರು 4 ಮಿಲಿಸೆಕೆಂಡ್. ಬಂದ ಲೆಕ್ಕದಲ್ಲಿ ಪ್ಯಾಡ್ ಮತ್ತು ಕನ್ಸೋಲ್ ತಗೊಳ್ಳುವ ಹೊತ್ತೂ ಸೇರಿರುತ್ತದೆ, ಅದಕ್ಕೆ ಒಂದು ಟಿವಿಯ ಅಂಕಿಯನ್ನು ಮಾತ್ರ ಹಿಡಿದು ತೀರ್ಮಾನ ಮಾಡಬೇಡಿ. ಎರಡು ಟಿವಿ ಹೋಲಿಸಿ. ಒಂದರಲ್ಲಿ 20 ಫ್ರೇಮ್, ಇನ್ನೊಂದರಲ್ಲಿ 40 ಬಂದರೆ ನಡುವಿನ ವ್ಯತ್ಯಾಸ 80 ಮಿಲಿಸೆಕೆಂಡ್‌ಗೂ ಜಾಸ್ತಿ. ಕನ್ಸೋಲೂ ಅದೇ, ಪ್ಯಾಡೂ ಅದೇ, ಹಾಗಾಗಿ ಆ ತಡ ಪೂರ್ತಿ ಟಿವಿಯದ್ದೇ. ಮೂರು ನಾಲ್ಕು ಸಲ ಎಣಿಸಿ ಸರಾಸರಿ ತಗೊಳ್ಳಿ. ಅಂಗಡಿಯ ಹುಡುಗರು ಮೊದಲು ನಗುತ್ತಾರೆ, ಆಮೇಲೆ ಅವರೇ ಎಣಿಸಲು ಕೂರುತ್ತಾರೆ. ನನ್ನ ಅನುಭವ.

ಈಗ ಅಪ್ಪನ 32 ಇಂಚಿಗೆ ಬರೋಣ. ಅವರ ಮಾತಿಗೆ ಹಳೆಯ ಲೆಕ್ಕ ಒಂದಿರಬಹುದು. 2019ರ ಜನವರಿಯಿಂದ 32 ಇಂಚಿನವರೆಗಿನ ಟಿವಿಗೆ ಜಿಎಸ್‌ಟಿ 18 ಪರ್ಸೆಂಟ್, ಅದಕ್ಕಿಂತ ದೊಡ್ಡದಕ್ಕೆ 28 ಇತ್ತು. ಹಾಗಾಗಿ 32 ದಾಟಿದರೆ ಬೆಲೆ ಹಾರುತ್ತಿತ್ತು. 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಟಿವಿಗೂ 18 ಪರ್ಸೆಂಟೇ ಆಗಿದೆ. ಆ ಗೋಡೆ ಈಗ ಇಲ್ಲ ಅಂತ ಅಪ್ಪನಿಗೆ ತಿಳಿಸಿ ಹೇಳಿ.

ಆದರೆ 32 ಬೇಡ ಅನ್ನಲು ನನಗೆ ಬೇರೆ ಕಾರಣ ಇದೆ. ಅಗ್ಗದ 32 ಇಂಚಿನ ಟಿವಿಗಳಲ್ಲಿ ಹೆಚ್ಚಿನವು ಎಚ್‌ಡಿ ರೆಡಿ. ಅವುಗಳ ಪರದೆಯಲ್ಲಿ ಅಡ್ಡ 1366, ಉದ್ದ 768 ಚುಕ್ಕಿಗಳಿರುತ್ತವೆ. ಕನ್ಸೋಲ್ ಕಳಿಸುವುದು 1280ಕ್ಕೆ 720, ಇಲ್ಲವೇ 1920ಕ್ಕೆ 1080. ಎರಡೂ ಆ ಪರದೆಗೆ ಸರಿಯಾಗಿ ಕೂರುವುದಿಲ್ಲ. ಒಂದನ್ನು ಎಳೆಯಬೇಕು, ಇನ್ನೊಂದನ್ನು ಕುಗ್ಗಿಸಬೇಕು. ಸಿನಿಮಾದಲ್ಲಿ ಇದು ಕಾಣುವುದಿಲ್ಲ. ಗೇಮ್‌ನಲ್ಲಿ ಸಣ್ಣ ಅಕ್ಷರ, ಮ್ಯಾಪ್‌ನ ಗೆರೆ, ಉಳಿದ ಗುಂಡಿನ ಲೆಕ್ಕ ಎಲ್ಲ ಅಂಚಿನಲ್ಲಿ ಕಲಸಿದ ಹಾಗೆ ಕಾಣುತ್ತದೆ. 1080 ಚಿತ್ರವನ್ನು 43 ಇಂಚಿನ ಫುಲ್ ಎಚ್‌ಡಿ ಪರದೆಗೆ ಕೊಟ್ಟರೆ ಚುಕ್ಕಿಗೆ ಚುಕ್ಕಿ ಕೂರುತ್ತದೆ. 4ಕೆ ಪರದೆಗೆ ಕೊಟ್ಟರೂ ಚಿಂತೆ ಇಲ್ಲ. 4ಕೆ ಅಂದರೆ 3840ಕ್ಕೆ 2160, ಅಡ್ಡಕ್ಕೂ ಉದ್ದಕ್ಕೂ ಸರಿಯಾಗಿ ಎರಡು ಪಟ್ಟು. ಒಂದು ಚುಕ್ಕಿ ನಾಲ್ಕಾಗುತ್ತದೆ ಅಷ್ಟೇ. 32 ಇಂಚಿನಲ್ಲೂ ಫುಲ್ ಎಚ್‌ಡಿ ಬರುತ್ತದೆ, ಹುಡುಕಬೇಕು. ಕೋಣೆ ಇನ್ನೂ ಚಿಕ್ಕದಾಗಿದ್ದರೆ, ಮೇಜಿನ ಮುಂದೆ ಕುರ್ಚಿ ಹಾಕಿ ಆಡುವವರಾಗಿದ್ದರೆ ಅದನ್ನೇ ಹೇಳುತ್ತಿದ್ದೆ.

ನಿಮ್ಮ ಕೋಣೆ ಹನ್ನೊಂದು ಅಡಿ ಉದ್ದ. ಮಂಚ ಆರೂವರೆ ಅಡಿ ಅಂದುಕೊಳ್ಳೋಣ. ದಿಂಬಿಗೆ ಒರಗಿ ಕೂತರೆ ಕಣ್ಣಿನಿಂದ ಎದುರು ಗೋಡೆಯ ಟಿವಿಗೆ ಎಂಟು ಎಂಟೂವರೆ ಅಡಿ. ಪಂದ್ಯ ಬಿಗಿಯಾದಾಗ ಯಾರೂ ಒರಗಿ ಕೂರುವುದಿಲ್ಲ, ಜಾರಿ ಜಾರಿ ಮಂಚದ ಕಾಲ ಕಡೆಗೆ ಬರುತ್ತೀರಿ. ಆಗ ನಾಲ್ಕು ನಾಲ್ಕೂವರೆ ಅಡಿ. ಈ ಎರಡರ ನಡುವೆ ನಿಮ್ಮ ಆಟ. ಸಾಮಾನ್ಯ ದೃಷ್ಟಿಯ ಕಣ್ಣು ಒಂದು ಡಿಗ್ರಿಯ ಅರವತ್ತನೇ ಒಂದು ಭಾಗದಷ್ಟು ದೂರದಲ್ಲಿರುವ ಎರಡು ಚುಕ್ಕಿಯನ್ನು ಬೇರೆ ಬೇರೆಯಾಗಿ ನೋಡಬಲ್ಲದು. ಆ ಲೆಕ್ಕ ಹಾಕಿದರೆ 43 ಇಂಚಿನ ಫುಲ್ ಎಚ್‌ಡಿಯಲ್ಲಿ ಐದೂವರೆ ಅಡಿಗಿಂತ ಹಿಂದೆ ಕೂತರೆ ಚುಕ್ಕಿ ಬೇರೆಯಾಗಿ ಕಾಣುವುದಿಲ್ಲ. 4ಕೆಯ ಪೂರ್ತಿ ಲಾಭ ಬೇಕಾದರೆ ಮೂರು ಅಡಿಗಿಂತ ಹತ್ತಿರ ಕೂರಬೇಕು. ಮೂರು ಅಡಿಯಲ್ಲಿ 43 ಇಂಚಿನ ಟಿವಿ! ನಮ್ಮ ಹಿರಿಯರು ಟೂರಿಂಗ್ ಟಾಕೀಸ್‌ನಲ್ಲಿ ನೆಲದ ಮೇಲೆ ಪರದೆ ಬುಡಕ್ಕೆ ಕೂತ ಹಾಗೆ.

ಹಾಗಿದ್ದರೆ 32 ಇಂಚಿನ ಫುಲ್ ಎಚ್‌ಡಿಯೂ ಸಾಕಲ್ವಾ ಅಂತ ಅಪ್ಪ ಕೇಳಬಹುದು. ಚುಕ್ಕಿಯ ಲೆಕ್ಕದಲ್ಲಿ ಸಾಕು. ಅಕ್ಷರದ ಲೆಕ್ಕದಲ್ಲಿ ಸಾಲದು. ಗೇಮ್ ಮಾಡುವವರು ದೊಡ್ಡ ಹಾಲ್‌ನ ದೊಡ್ಡ ಟಿವಿ ಮನಸ್ಸಿನಲ್ಲಿಟ್ಟುಕೊಂಡು ಅಕ್ಷರ ಬರೆಯುತ್ತಾರೆ ಅನ್ನಿಸುತ್ತದೆ. ಎಂಟು ಅಡಿಯಿಂದ 32 ಇಂಚಿನಲ್ಲಿ ಅವನ್ನು ಓದಲು ಕಣ್ಣು ಕಿರಿದು ಮಾಡಬೇಕು. 43 ಇಂಚಿನ ಪರದೆಯ ವಿಸ್ತೀರ್ಣ 32ಕ್ಕಿಂತ 1.8 ಪಟ್ಟು. ಆ ಜಾಸ್ತಿ ಜಾಗಕ್ಕೆ ದುಡ್ಡು ಕೊಡಿ, ಜಾಸ್ತಿ ಚುಕ್ಕಿಗಲ್ಲ.

ಆದರೂ ನಿಮ್ಮ ಬಜೆಟ್‌ನಲ್ಲಿ 43 ಇಂಚಿನ ಫುಲ್ ಎಚ್‌ಡಿ ಮತ್ತು ಕಡಿಮೆ ಬೆಲೆಯ 4ಕೆ ಅಕ್ಕಪಕ್ಕದ ಬೆಲೆಗೇ ಸಿಗುತ್ತವೆ. ಎರಡರಲ್ಲೂ ಲ್ಯಾಗ್ ಒಂದೇ, ಸರ್ವಿಸ್ ಒಂದೇ ಅನ್ನಿಸಿದರೆ 4ಕೆ ತಗೊಳ್ಳಿ, ನಾನು ಬೇಡ ಅನ್ನುವುದಿಲ್ಲ. 4ಕೆಯಲ್ಲಿ ಲ್ಯಾಗ್ ಜಾಸ್ತಿ, ಫುಲ್ ಎಚ್‌ಡಿಯಲ್ಲಿ ಕಡಿಮೆ ಇದ್ದರೆ ಕಣ್ಣು ಮುಚ್ಚಿ ಫುಲ್ ಎಚ್‌ಡಿ. ಮುಂದೆ ಪಿಎಸ್5 ಬಂದರೆ ಏನು ಗತಿ ಅಂತ ಹೆದರಬೇಡಿ. ಪಿಎಸ್5 ಫುಲ್ ಎಚ್‌ಡಿ ಟಿವಿಗೂ ಆರಾಮಾಗಿ ಜೋಡಿಯಾಗುತ್ತದೆ. ಎಷ್ಟೋ ಗೇಮ್‌ಗಳು ಒಳಗೆ ದೊಡ್ಡ ಚಿತ್ರ ಬರೆದು 1080ಕ್ಕೆ ಇಳಿಸಿ ಕಳಿಸುವುದರಿಂದ ಅಂಚುಗಳು ಇನ್ನೂ ನುಣುಪಾಗಿಯೇ ಕಾಣುತ್ತವೆ. ಆಗ ಕನ್ಸೋಲ್‌ನ ಗೇಮ್ ಪ್ರಿಸೆಟ್‌ನಲ್ಲಿ ಪರ್ಫಾರ್ಮೆನ್ಸ್ ಮೋಡ್ ಆಯ್ಕೆ ಮಾಡಿಕೊಳ್ಳಿ. ಚಿತ್ರದ ಅಂದ ಒಂಚೂರು ಬಿಟ್ಟು ಹೆಚ್ಚು ಫ್ರೇಮ್ ಕೊಡುತ್ತದೆ. ಸಣ್ಣ ಕೋಣೆಗೆ ಅದೇ ಸರಿ.

ಉಳಿದ ಸ್ಟಿಕ್ಕರ್‌ಗಳ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. "ಮೋಷನ್ 120", "ಮೋಷನ್ 240" ಅನ್ನುವುದು ಕಂಪನಿಗಳು ತಾವೇ ಕಟ್ಟಿದ ಹೆಸರು. ನಿಮ್ಮ ಬೆಲೆಯಲ್ಲಿ ಪ್ಯಾನೆಲ್, ಅಂದರೆ ಪರದೆ, ಸಾಮಾನ್ಯವಾಗಿ 60 ಹರ್ಟ್ಸ್, ಸೆಕೆಂಡಿಗೆ 60 ಸಲ ಚಿತ್ರ ಬದಲಿಸುತ್ತದೆ. ಪಿಎಸ್4ಗೆ ಅದಕ್ಕಿಂತ ಜಾಸ್ತಿ ಬೇಕಾಗಿಯೂ ಇಲ್ಲ. "ಎಚ್‌ಡಿಎಂಐ 2.1" ಅಂತ ಬರೆದಿದ್ದರೆ ಕುಣಿಯಬೇಡಿ. ಎಚ್‌ಡಿಎಂಐ ಅಂದರೆ ಕನ್ಸೋಲ್‌ನ ವೈರ್ ಟಿವಿಗೆ ಸಿಕ್ಕಿಸುವ ಜಾಗ. ಆ ಹೆಸರಿನ ಕೆಳಗೆ ಬರುವ ಸೌಲಭ್ಯಗಳಲ್ಲಿ ಹೆಚ್ಚಿನವು ಐಚ್ಛಿಕ. ಒಂದೆರಡು ಇದ್ದರೂ ಆ ಹೆಸರು ಹಾಕಿಕೊಳ್ಳಬಹುದು. ನಿಮಗೆ ಅದರಲ್ಲಿ ಉಪಯೋಗವಾಗುವುದು ಎಎಲ್ಎಲ್ಎಂ ಒಂದೇ. ಅದಿದ್ದರೆ ಪಿಎಸ್5 ಆನ್ ಆದ ಕೂಡಲೇ ಟಿವಿ ತಾನಾಗಿ ಗೇಮ್ ಮೋಡ್‌ಗೆ ಹೋಗುತ್ತದೆ. ಪಿಎಸ್4 ಈ ಸಂಜ್ಞೆ ಕಳಿಸುವುದಿಲ್ಲ, ನೀವೇ ಕೈಯಾರೆ ಹಾಕಬೇಕು.

ಎಚ್‌ಡಿಆರ್ ಬಗ್ಗೆ ಒಂದು ಮಾತು ಹೇಳಲೇಬೇಕು, ಯಾಕೆಂದರೆ ಇದರಲ್ಲಿ ಜನ ಸುಮ್ನೆ ಮೋಸ ಹೋಗುತ್ತಾರೆ. ಎಚ್‌ಡಿಆರ್ ಅಂದರೆ ಬೆಳಕು ಇನ್ನೂ ಬೆಳಗಾಗಿ, ಕತ್ತಲು ಇನ್ನೂ ಕಪ್ಪಾಗಿ ಕಾಣುವಂತೆ ಮಾಡಿದ ಚಿತ್ರ. ಅಗ್ಗದ 4ಕೆ ಟಿವಿ ಎಚ್‌ಡಿಆರ್ ಸಂಜ್ಞೆಯನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ತೋರಿಸುವ ಶಕ್ತಿ ಅದಕ್ಕಿಲ್ಲ. ಎಚ್‌ಡಿಆರ್ ಚಿತ್ರವನ್ನು ಸಾವಿರ ನಿಟ್ಸ್ (ಪರದೆಯ ಬೆಳಕು ಅಳೆಯುವ ಮಾಪನ) ಬೆಳಕಿನ ಲೆಕ್ಕದಲ್ಲಿ ಮಾಡಿರುತ್ತಾರೆ, ಈ ಟಿವಿಗಳು ಮುನ್ನೂರರ ಆಸುಪಾಸಿನಲ್ಲಿ ನಿಲ್ಲುತ್ತವೆ. ಪರಿಣಾಮ, ಚಿತ್ರ ಇನ್ನಷ್ಟು ಮಂಕು. "ಎಚ್‌ಡಿಆರ್ ಹಾಕಿದ ಮೇಲೆ ಟಿವಿ ಕೆಟ್ಟಿತು" ಅಂತ ನನ್ನ ಹತ್ತಿರ ರಿಪೇರಿಗೆ ತಂದವರಿದ್ದಾರೆ. 2016ರ ಸಾಫ್ಟ್‌ವೇರ್ ಅಪ್‌ಡೇಟ್‌ನಿಂದ ಹಳೆಯ ಪಿಎಸ್4ನಲ್ಲೂ ಎಚ್‌ಡಿಆರ್ ಇದೆ, ಹಾಗಾಗಿ ನಿಮಗೂ ಇದು ಎದುರಾಗುತ್ತದೆ. ಕನ್ಸೋಲ್‌ನ ವಿಡಿಯೊ ಸೆಟ್ಟಿಂಗ್ಸ್‌ನಲ್ಲಿ ಒಮ್ಮೆ ಆಫ್ ಮಾಡಿ, ಒಮ್ಮೆ ಆನ್ ಮಾಡಿ, ಒಂದೇ ದೃಶ್ಯ ನೋಡಿ. ಯಾವುದು ಹಿಡಿಸುತ್ತದೋ ಅದು. ಬಹುತೇಕ ಆಫ್ ಮಾಡಿಯೇ ಇಡುತ್ತೀರಿ.

ಪ್ಯಾನೆಲ್‌ನಲ್ಲಿ ಎರಡು ಜಾತಿ. ವಿಎ ಪ್ಯಾನೆಲ್‌ನಲ್ಲಿ ಕಪ್ಪು ನಿಜವಾಗಿ ಕಪ್ಪಾಗಿ ಕಾಣುತ್ತದೆ, ಆದರೆ ಪಕ್ಕದಿಂದ ನೋಡಿದರೆ ಬಣ್ಣ ತೊಳೆದ ಹಾಗೆ. ಐಪಿಎಸ್ ಪ್ಯಾನೆಲ್‌ನಲ್ಲಿ ಯಾವ ಕಡೆಯಿಂದ ನೋಡಿದರೂ ಬಣ್ಣ ನಿಲ್ಲುತ್ತದೆ, ಆದರೆ ದೀಪ ಆರಿಸಿದ ಕೋಣೆಯಲ್ಲಿ ಕಪ್ಪು ಬೂದಿ ಬಣ್ಣಕ್ಕೆ ತಿರುಗುತ್ತದೆ. ಪೆಟ್ಟಿಗೆ ಮೇಲೆ ಇದನ್ನೂ ಬರೆಯುವುದು ಅಪರೂಪ. ಅಂಗಡಿಯಲ್ಲಿ ಟಿವಿಯ ಒಂದು ಮೂಲೆಗೆ ಸರಿದು ನಿಂತು ನೋಡಿ, ಗೊತ್ತಾಗುತ್ತದೆ. ರಾತ್ರಿ ಒಬ್ಬರೇ ನೇರ ಕೂತು ಆಡುವವರಾದರೆ ವಿಎ. ಮೂವರು ಗೆಳೆಯರು ಮಂಚದ ತುದಿಯಲ್ಲಿ ಸಾಲಾಗಿ ಕೂತು ಫುಟ್‌ಬಾಲ್ ಆಡುವ ಅಭ್ಯಾಸ ಇದ್ದರೆ ಐಪಿಎಸ್. ಗೋಡೆಗೆ ಎತ್ತರದಲ್ಲಿ ಹಾಕುವುದಿದ್ದರೆ ಕೆಳಕ್ಕೆ ಬಾಗುವ ಬ್ರಾಕೆಟ್ ತಗೊಳ್ಳಿ. ನಮ್ಮ ಕಡೆ ಟಿವಿಯನ್ನು ದೇವರ ಫೋಟೊ ಎತ್ತರಕ್ಕೆ ಹಾಕುವುದು ಒಂದು ಚಟ. ಎರಡು ತಾಸು ಆಡಿ ಏಳುವಾಗ ಕುತ್ತಿಗೆ ಹಿಡಿದಿರುತ್ತದೆ. ಕೂತಾಗ ಕಣ್ಣು ಪರದೆಯ ನಡುಭಾಗಕ್ಕೆ ಸಮ ಬರಲಿ.

ಇನ್ನು ನನ್ನ ರಿಪೇರಿ ಬುದ್ಧಿ. ನಮ್ಮ ಜಿಲ್ಲೆಗಳಲ್ಲಿ ಟಿವಿ ಸಾಯುವುದು ಆಡಿ ಅಲ್ಲ. ಬಿಸಿಲು, ಧೂಳು, ಕರೆಂಟು ಇವು ಮೂರೂ ಸೇರಿ ಕೊಲ್ಲುತ್ತವೆ. ನನ್ನ ಮೇಜಿಗೆ ಬರುವ ಎಲ್‌ಇಡಿ ಟಿವಿಗಳಲ್ಲಿ ಸದ್ದು ಬರುತ್ತದೆ, ಚಿತ್ರ ಇಲ್ಲ ಅನ್ನುವ ದೂರೇ ಜಾಸ್ತಿ. ಒಳಗಿನ ಬ್ಯಾಕ್‌ಲೈಟ್ ಪಟ್ಟಿ ಸುಟ್ಟಿರುತ್ತದೆ. ಅಂಗಡಿಯ ಬೆಳಕಿನಲ್ಲಿ ಚೆನ್ನಾಗಿ ಕಾಣಲಿ ಅಂತ ಟಿವಿಗಳನ್ನು ಬ್ಯಾಕ್‌ಲೈಟ್ ನೂರಕ್ಕೆ ಏರಿಸಿ ಇಟ್ಟಿರುತ್ತಾರೆ. ಮನೆಗೆ ಬಂದ ಮೇಲೆ ಯಾರೂ ಇಳಿಸುವುದಿಲ್ಲ. ಮೇ ತಿಂಗಳಲ್ಲಿ ಹೊರಗೆ 40 ಡಿಗ್ರಿ, ಮೇಲೆ ಆರ್‌ಸಿಸಿ ಸ್ಲ್ಯಾಬ್, ಒಳಗೆ ಪಟ್ಟಿ ಪೂರ್ತಿ ಉರಿಯುತ್ತಿದೆ. ಎಷ್ಟು ದಿನ ತಾಳೀತು? ಮಲಗುವ ಕೋಣೆಗೆ ಅರುವತ್ತು ಸಾಕು, ರಾತ್ರಿ ನಲವತ್ತು. ಕಣ್ಣಿಗೂ ತಂಪು, ಪಟ್ಟಿಗೂ ಆಯುಷ್ಯ.

ಕನ್ಸೋಲನ್ನು ಗೋಡೆಯ ಮಾಡದೊಳಗೆ ಅಥವಾ ಬಾಗಿಲಿರುವ ಶೋಕೇಸ್‌ನೊಳಗೆ ತುರುಕಬೇಡಿ. ಹಿಂದೆ ಒಂದು ಗೇಣು ಜಾಗ ಬಿಡಿ, ಬಿಸಿ ಗಾಳಿ ಅಲ್ಲಿಂದಲೇ ಹೊರಗೆ ಬರುವುದು. ಅದರ ಮೇಲೆ ಕ್ರೋಶಾ ಹಾಕಿದ ಕವರ್ ಹೊದಿಸುವುದಕ್ಕೆ ಅವ್ವ ಹೊರಟರೆ ಪ್ರೀತಿಯಿಂದ ತಡೆಯಿರಿ.

ಮನೆಯಲ್ಲಿ ಇನ್ವರ್ಟರ್ ಇದ್ದರೆ ಟಿವಿ, ಕನ್ಸೋಲ್ ಎರಡನ್ನೂ ಅದರ ಸಾಲಿಗೆ ಹಾಕಿಸಿ. ಹಾಕಿಸುವಾಗ ಇನ್ವರ್ಟರ್ ಮೇಲಿರುವ ಚಿಕ್ಕ ಸ್ವಿಚ್ ನೋಡಿ. ಎಷ್ಟೋ ಇನ್ವರ್ಟರ್‌ಗಳಲ್ಲಿ ನಾರ್ಮಲ್, ಯುಪಿಎಸ್ ಅಂತ ಎರಡು ಆಯ್ಕೆ ಇರುತ್ತವೆ. ನಾರ್ಮಲ್‌ನಲ್ಲಿದ್ದರೆ ಕರೆಂಟ್ ಹೋದಾಗ ಬದಲಾವಣೆ ನಿಧಾನ. ಫ್ಯಾನಿಗೆ ಗೊತ್ತಾಗುವುದಿಲ್ಲ, ಕನ್ಸೋಲ್ ಮಾತ್ರ ಆರಿಹೋಗುತ್ತದೆ. ಯುಪಿಎಸ್‌ಗೆ ತಿರುಗಿಸಿ. ಆಡುತ್ತಿದ್ದಾಗ ಪಿಎಸ್4 ಹೀಗೆ ಹಠಾತ್ತನೆ ಆರಿದರೆ ಮುಂದಿನ ಸಲ ಸ್ಟೋರೇಜ್ ತಪಾಸಣೆ ಮಾಡುತ್ತ ಕೂರುತ್ತದೆ, ದುರದೃಷ್ಟ ಇದ್ದರೆ ಸೇವ್ ಮಾಡಿದ ಆಟವೂ ಹೋಗುತ್ತದೆ. ಇನ್ವರ್ಟರ್ ಇಲ್ಲದಿದ್ದರೆ ಕೊನೆಗೆ ಒಂದು ಒಳ್ಳೆ ಸ್ಪೈಕ್ ಗಾರ್ಡ್ ಆದರೂ ಇರಲಿ. ಏಪ್ರಿಲ್, ಮೇನಲ್ಲಿ ಸಂಜೆ ಗುಡುಗು ಶುರುವಾದರೆ ಸ್ಪೈಕ್ ಗಾರ್ಡನ್ನೂ ನಂಬಬೇಡಿ, ಪ್ಲಗ್ ಕಿತ್ತುಬಿಡಿ. ಡಿಶ್ ಅಥವಾ ಕೇಬಲ್ ವೈರ್ ಜೋಡಿಸಿದ್ದರೆ ಅದನ್ನೂ ಕೀಳಿ. ಸಿಡಿಲಿನ ಹೊಡೆತ ಆ ವೈರಿನ ದಾರಿಯಿಂದಲೂ ಬರುತ್ತದೆ.

ಅದಕ್ಕೇ 25,000ವನ್ನೂ ಟಿವಿಗೇ ಸುರಿಯಬೇಡಿ. ಟಿವಿ 22,000ದ ಒಳಗೆ ಮುಗಿಸಿ. ಉಳಿದದ್ದರಲ್ಲಿ ಬ್ರಾಕೆಟ್, ಸ್ಪೈಕ್ ಗಾರ್ಡ್, ಒಂದು ವೈರ್ ಇರುವ ಹೆಡ್‌ಫೋನ್. ಹೆಡ್‌ಫೋನ್ ಯಾಕೆ ಅಂದರೆ ಅಗ್ಗದ ಟಿವಿಯ ಸ್ಪೀಕರ್ ಹೇಗೂ ಡಬ್ಬಿ ಬಾರಿಸಿದ ಹಾಗೆ ಕೇಳುತ್ತದೆ. ಜೊತೆಗೆ ರಾತ್ರಿ ಹನ್ನೊಂದರ ಮೇಲೆ ಗುಂಡಿನ ಸದ್ದು ಕೇಳಿದರೆ ಪಕ್ಕದ ಕೋಣೆಯಿಂದ ಅಪ್ಪ ಎದ್ದು ಬರುತ್ತಾರೆ. ಬ್ಲೂಟೂತ್ ಹೆಡ್‌ಫೋನ್ ತಗೊಳ್ಳಬೇಡಿ, ಪಿಎಸ್4 ಆಗಲಿ ಪಿಎಸ್5 ಆಗಲಿ ಸಾಮಾನ್ಯ ಬ್ಲೂಟೂತ್ ಹೆಡ್‌ಫೋನ್‌ಗೆ ನೇರ ಜೋಡಿಯಾಗುವುದಿಲ್ಲ. ಪ್ಯಾಡ್‌ನ ಕೆಳಗೇ ಹೆಡ್‌ಫೋನ್ ಸಿಕ್ಕಿಸುವ ತೂತು ಇದೆ. ಸಿಕ್ಕಿಸಿ, ಆಡಿಯೊ ಡಿವೈಸಸ್‌ನಲ್ಲಿ "ಆಲ್ ಆಡಿಯೊ" ಅಂತ ಆಯ್ಕೆ ಮಾಡಿ. ಇಲ್ಲದಿದ್ದರೆ ಚಾಟ್ ಧ್ವನಿ ಮಾತ್ರ ಕಿವಿಗೆ ಬರುತ್ತದೆ, ಗುಂಡಿನ ಸದ್ದು ಟಿವಿಯಲ್ಲೇ ಹೋಗುತ್ತದೆ.

ಸ್ಮಾರ್ಟ್ ಟಿವಿಯ ಆ್ಯಪ್‌ಗಳಿಗೆ ಬೆಲೆ ಕಟ್ಟಬೇಡಿ. ಯೂಟ್ಯೂಬ್ ಕನ್ಸೋಲ್‌ನಲ್ಲೂ ಇದೆ. ಟಿವಿಯ ಮೆನು ನಿಧಾನ ಇದ್ದರೆ ಅದು ಗೇಮ್‌ಗೆ ಅಡ್ಡಿ ಅಲ್ಲ. ಸಿನಿಮಾ ಮಾತ್ರ ಟಿವಿಯ ಆ್ಯಪ್‌ನಲ್ಲೇ ನೋಡಿ, ಸುಮ್ನೆ ಕನ್ಸೋಲ್ ಉರಿಸಿದರೆ ಬಿಲ್ ಜಾಸ್ತಿ.

ಯಾವ ಕಂಪನಿ ಅಂತ ನೀವು ಕೇಳಿಲ್ಲ, ನಾನೂ ಹೇಳುವುದಿಲ್ಲ. ಒಂದೇ ಕಂಪನಿಯ ಎರಡು ಮಾಡೆಲ್‌ನಲ್ಲೇ ಲ್ಯಾಗ್ ಬೇರೆ ಬೇರೆ ಇರುತ್ತದೆ. ಅದರ ಬದಲು ಅಂಗಡಿಯಲ್ಲಿ ಈ ಪ್ರಶ್ನೆ ಕೇಳಿ: ಟಿವಿ ಕೆಟ್ಟರೆ ಎಂಜಿನಿಯರ್ ಬಾಗಲಕೋಟೆಯಲ್ಲೇ ಇದ್ದಾರಾ, ಹುಬ್ಬಳ್ಳಿಯಿಂದ ಬರಬೇಕಾ? ವಾರಂಟಿಯಲ್ಲಿ ಪ್ಯಾನೆಲ್ ಸೇರಿದೆಯಾ? ಪ್ಯಾನೆಲ್ ಹೋದರೆ ಅದನ್ನು ಬದಲಿಸುವ ಖರ್ಚು ಹೊಸ ಟಿವಿಯ ಹತ್ತಿರ ಹತ್ತಿರಕ್ಕೆ ಹೋಗುತ್ತದೆ. ಇದೇ ಕಾರಣಕ್ಕೆ ಸೆಕೆಂಡ್ ಹ್ಯಾಂಡ್ ಕನ್ಸೋಲ್ ತಗೊಂಡಿದ್ದು ಸರಿ, ಸೆಕೆಂಡ್ ಹ್ಯಾಂಡ್ ಟಿವಿ ಮಾತ್ರ ಬೇಡ. ಆನ್‌ಲೈನ್‌ನಲ್ಲಿ ತರಿಸಿದರೆ ಪೆಟ್ಟಿಗೆ ಬಿಚ್ಚುವುದನ್ನು ಪೂರ್ತಿ ವಿಡಿಯೊ ಮಾಡಿ. ಪರದೆ ಒಡೆದು ಬಂದದ್ದಾ, ನೀವು ಒಡೆದದ್ದಾ ಅನ್ನುವ ಜಗಳಕ್ಕೆ ಅದೊಂದೇ ಸಾಕ್ಷಿ.

ಮನೆಗೆ ತಂದ ದಿನ ಎರಡು ಕೆಲಸ. ಟಿವಿಯಲ್ಲಿ ಆ ಎಚ್‌ಡಿಎಂಐಗೆ ಹೆಸರು ಕೊಡುವ ಆಯ್ಕೆ ಇದ್ದರೆ "ಗೇಮ್ ಕನ್ಸೋಲ್" ಅಂತ ಕೊಡಿ, ಕೆಲವು ಟಿವಿಗಳು ಅಷ್ಟಕ್ಕೇ ಗೇಮ್ ಮೋಡ್ ಹಾಕಿಕೊಳ್ಳುತ್ತವೆ. ಚಿತ್ರದ ನಾಲ್ಕೂ ಅಂಚು ಕತ್ತರಿಸಿದ ಹಾಗೆ ಕಂಡರೆ ಪಿಕ್ಚರ್ ಸೈಜ್‌ನಲ್ಲಿ "ಜಸ್ಟ್ ಸ್ಕ್ಯಾನ್" ಅಥವಾ "ಸ್ಕ್ರೀನ್ ಫಿಟ್" ಹುಡುಕಿ.

ಇನ್ನೊಂದು, ಹೋಗುವ ಮುಂಚೆ ಟೇಪು ಹಿಡಿದು ಮೇಜು ಅಳೆಯಿರಿ. 43 ಇಂಚಿನ ಟಿವಿಯ ಅಗಲ ಸುಮಾರು 96 ಸೆಂಟಿಮೀಟರ್. ಅದರ ಕಾಲುಗಳು ನಡುವೆ ಇರುವುದಿಲ್ಲ, ಎರಡೂ ತುದಿಗೆ ಇರುತ್ತವೆ. ಗೋಡೆಗೆ ಹಾಕುವವರೆಗೆ ಮೇಜಿನ ಮೇಲೆ ಇಡೋಣ ಅಂದುಕೊಂಡು ತಂದು, ಒಂದು ಕಾಲು ಹೊರಗೆ ಬಂದದ್ದಕ್ಕೆ ನೋಟ್‌ಬುಕ್ ಸೇರಿಸಿ ನಿಲ್ಲಿಸಿ, ಮೂರನೇ ದಿನ ಒಡೆದ ಪರದೆ ತಂದವರು ನನ್ನ ಅಂಗಡಿಗೆ ಹೋದ ವರ್ಷ ಇಬ್ಬರು ಬಂದಿದ್ದರು.